ಕಾಳು ಬೇಯದಿದ್ದರೆ ಉಪ್ಪನ್ನು ಬೈಯಬೇಡಿ

ಮೊದಲೇ ಉಪ್ಪು ಹಾಕಿದರೆ ಕಾಳು ಬೇಯೋದಿಲ್ಲ ಅನ್ನೋ ಮಾತು ನಮ್ಮ ಅಡುಗೆಮನೆಗಳಲ್ಲಿ ಇನ್ನೂ ಭದ್ರವಾಗಿ ಕೂತಿದೆ. ರಾಜ್ಮಾ ಪಲಾವ್‌ನಲ್ಲಿ ಅಕ್ಕಿ ಮುದ್ದೆಯಾಗಿ, ಕಾಳು ಮಾತ್ರ ಹಲ್ಲಿಗೆ ಕಟುಂ ಅಂದರೆ ಬೈಗುಳ ಬೀಳೋದು ಉಪ್ಪಿಗೇ. ಪಾಪ, ತಪ್ಪು ಅದರದ್ದಲ್ಲ. ಒಗ್ಗರಣೆ ಜೊತೆಗೇ ಬಿದ್ದ ಟೊಮೆಟೊದ್ದು.

ಕಾಳಿನ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಅದರ ಉದ್ದುದ್ದ ಎಳೆಗಳ ನಡುವೆ ಕ್ಯಾಲ್ಸಿಯಂ ಅಂಗಿಯ ಗುಂಡಿಯ ಹಾಗೆ ಕೆಲಸ ಮಾಡುತ್ತದೆ. ಅದಕ್ಕೆ ಎರಡು ಧನ ವಿದ್ಯುದಾವೇಶ (ಪ್ಲಸ್ ಚಾರ್ಜ್); ಈ ಎಳೆಯನ್ನೂ ಹಿಡಿಯುತ್ತದೆ, ಆ ಎಳೆಯನ್ನೂ ಹಿಡಿಯುತ್ತದೆ. ಉಪ್ಪಿನಲ್ಲಿರುವ ಸೋಡಿಯಂಗೆ ಇರೋದು ಒಂದೇ. ಕ್ಯಾಲ್ಸಿಯಂ ಜಾಗಕ್ಕೆ ಬಂದು ಕೂತರೂ ಎರಡು ಎಳೆಗಳನ್ನು ಸೇರಿಸಲಾರದು. ಅದಕ್ಕೇ ಉಪ್ಪುನೀರಲ್ಲಿ ನೆನೆದ ಕಾಳಿನ ಸಿಪ್ಪೆ ಮೆತ್ತಗಾಗೋದು. ಲೀಟರ್ ನೀರಿಗೆ 15 ಗ್ರಾಂ ಉಪ್ಪು ಹಾಕಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ.

ಬೋರ್‌ವೆಲ್‌ನ ಗಡಸು ನೀರಲ್ಲಿ ಕಾಳು ಸತಾಯಿಸೋದೂ ಇದರಿಂದಲೇ. ಆ ನೀರೇ ಕ್ಯಾಲ್ಸಿಯಂ ತಂದುಕೊಡುತ್ತದೆ. ಹಳೆ ಕಾಳಿನದು ಇನ್ನೂ ಮಜಾ. ಸೆಕೆಯಲ್ಲಿ, ತೇವದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದಾಗ ಅದರೊಳಗಿನ ಫೈಟೇಟ್ ಎಂಬ ರಂಜಕದ ಸಂಯುಕ್ತ ಒಡೆಯುತ್ತದೆ. ಫೈಟೇಟ್ ಹಿಡಿದಿಟ್ಟಿದ್ದ ಖನಿಜಗಳು ಬಿಡುಗಡೆಯಾಗಿ ಪೆಕ್ಟಿನ್‌ಗೆ ಅಂಟಿಕೊಳ್ಳುತ್ತವೆ. ಆಮೇಲೆ ಎಷ್ಟು ಸೀಟಿ ಕೂಗಿಸಿದರೂ ಅಷ್ಟೇ.

ಇನ್ನು ಹುಳಿ. ಹುಳಿಯಿದ್ದ ಕಡೆ ಪೆಕ್ಟಿನ್ ಸುಲಭಕ್ಕೆ ಕರಗೋದಿಲ್ಲ. ಬಿಸಿಬೇಳೆಬಾತ್‌ಗೆ ಬೇಳೆ ಬೆಂದ ಮೇಲೇ ಹುಣಸೆರಸ ಬಿಡೋದು ಸುಮ್ನೆ ಅಲ್ಲ. ರಾಜ್ಮಾಕ್ಕೆ ಬಂದಾಗ ಮಾತ್ರ ಆ ಬುದ್ಧಿ ಮರೆತುಹೋಗುತ್ತದೆ, ಯಾಕೋ. 

ಕುಕ್ಕರ್ ಕಥೆಯನ್ನೂ ಹೇಳಲೇಬೇಕು. 1679ರಲ್ಲಿ ಡೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಇದರ ಮುತ್ತಜ್ಜನನ್ನು ತೋರಿಸಿದ. ಆತ ಮೆತ್ತಗೆ ಮಾಡಿದ್ದು ಕಾಳನ್ನಲ್ಲ, ಮೂಳೆಯನ್ನು! ಒತ್ತಡ ಏರಿದರೆ ನೀರು ಕುದಿಯುವ ಬಿಸಿಯೂ ಏರುತ್ತದೆ. ನಮ್ಮ ಕುಕ್ಕರ್‌ನಲ್ಲಿ ಅದು ಸುಮಾರು 120 ಡಿಗ್ರಿ.

ರಾಜ್ಮಾಕ್ಕೆ ಕುದಿಯುವಷ್ಟು ಬಿಸಿಯಂತೂ ಬೇಕೇಬೇಕು. ಹಸಿ ಕಾಳಿನಲ್ಲಿ ಫೈಟೋಹೀಮಾಗ್ಲುಟಿನಿನ್ ಎಂಬ ವಿಷದ ಪ್ರೋಟೀನ್ ಇದೆ. ನಾಲ್ಕೈದು ಹಸಿ ಕಾಳು ತಿಂದರೂ ವಾಂತಿ, ಭೇದಿ ಆಗಬಹುದು. ಚೆನ್ನಾಗಿ ಕೊತಕೊತ ಕುದಿಸಿದರೆ ವಿಷ ಹೋಗುತ್ತದೆ. ಕುದಿಯೇ ಬರದ ಸ್ಲೋ ಕುಕ್ಕರ್ ಇದಕ್ಕೆ ನಂಬಿಕಸ್ತ ಪಾತ್ರೆಯಲ್ಲ.

ಹಾಗಾಗಿ ರಾಜ್ಮಾವನ್ನು ಬೇರೆಯಾಗೇ ಬೇಯಿಸಿ. ಬೆರಳ ನಡುವೆ ಒತ್ತಿದರೆ ಒಳಗಿನದು ಬೆಣ್ಣೆಯಷ್ಟು ನುಣ್ಣಗೆ ಹಿಸುಕಿಕೊಳ್ಳಬೇಕು. ಆಮೇಲೆ ಟೊಮೆಟೊ, ಮಸಾಲೆ, ಅಕ್ಕಿ ಎಲ್ಲ ಸೇರಿಸಿ ಎರಡೇ ಸೀಟಿ.