‘ಬಾರ್ಬರ್’ ಪದದೊಳಗಿನ ಗಡ್ಡ

ಗಂಡಸರ ತಲೆಗೂದಲು ಕತ್ತರಿಸುವವನನ್ನು ‘ಬಾರ್ಬರ್’ ಎನ್ನುತ್ತೇವೆ. ಆದರೆ ಆ ಪದದಲ್ಲಿ ತಲೆಯೂ ಇಲ್ಲ, ಕತ್ತರಿಯೂ ಇಲ್ಲ. ಇರುವುದು ಗಡ್ಡ ಮಾತ್ರ. ಲ್ಯಾಟಿನ್ನಿನಲ್ಲಿ ‘ಬಾರ್ಬಾ’ ಎಂದರೆ ಗಡ್ಡ. ಅದರಿಂದ ಹುಟ್ಟಿದ ಹಳೆಯ ಫ್ರೆಂಚ್ ರೂಪವೊಂದು, 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ನುಡಿಯ ಮೂಲಕ, ಸುಮಾರು 1300ರ ಹೊತ್ತಿಗೆ ಇಂಗ್ಲಿಷಿನಲ್ಲಿ ನೆಲೆಯೂರಿತು. ಸ್ವತಃ ಪ್ರಾಚೀನ ರೋಮನರು ಕ್ಷೌರಿಕನನ್ನು ‘ಟೋನ್ಸರ್’, ಅಂದರೆ ಕತ್ತರಿಸುವವನು, ಎಂದು ಕರೆಯುತ್ತಿದ್ದರು ಎಂಬುದು ಸ್ವಾರಸ್ಯದ ಸಂಗತಿ.

ಗಡ್ಡಕ್ಕೆ ಇಂಗ್ಲಿಷಿನಲ್ಲಿರುವ ‘ಬಿಯರ್ಡ್’ ಎಂಬ ಪದವೂ ಲ್ಯಾಟಿನ್ನಿನ ‘ಬಾರ್ಬಾ’ವೂ ಒಂದೇ ಮೂಲದವು. ಒಂದರ ಕೊನೆಯಲ್ಲಿ ‘ಡ’, ಇನ್ನೊಂದರಲ್ಲಿ ‘ಬ’ ಇರುವುದು ಆಕಸ್ಮಿಕವಲ್ಲ. ಇಂಗ್ಲಿಷಿನ ‘ವರ್ಡ್’ ಲ್ಯಾಟಿನ್ನಿನಲ್ಲಿ ‘ವೆರ್ಬುಮ್’ ಆಗಿರುವುದೂ ಇದೇ ಧ್ವನಿನಿಯಮದಿಂದ. ತೊಡಕಿರುವುದು ಪದದ ಮೊದಲ ಅಕ್ಷರದಲ್ಲಿ. ಸಂಸ್ಕೃತದ ‘ಭ್ರಾತೃ’ವಿಗೆ ಲ್ಯಾಟಿನ್ನಿನಲ್ಲಿ ‘ಫ್ರಾತೆರ್’ ಎಂಬ ರೂಪವಿದೆ, ಅಂದರೆ ಪದದ ಆದಿಯ ‘ಭ’ ಅಲ್ಲಿ ‘ಫ’ ಆಗುತ್ತದೆ. ಗಡ್ಡದ ಮೂಲಪದವೂ ‘ಭ’ದಿಂದ ಶುರುವಾಗುತ್ತಿದ್ದುದರಿಂದ, ಆ ಲೆಕ್ಕದಲ್ಲಿ ಅದು ಲ್ಯಾಟಿನ್ನಿನಲ್ಲಿ ‘ಫಾರ್ಬಾ’ ಆಗಬೇಕಿತ್ತು. ಮುಂದಿನ ‘ಬ’ಕಾರದ ಸೆಳೆತಕ್ಕೆ ಸಿಕ್ಕಿ ಮೊದಲ ಅಕ್ಷರವೂ ‘ಬ’ ಆಯಿತೆಂಬುದು ಭಾಷಾವಿಜ್ಞಾನಿಗಳ ವಿವರಣೆ. ಮೀನಿನ ಗಾಳದ ಹಿಮ್ಮುಳ್ಳಿಗೂ ಮುಳ್ಳುತಂತಿಯ ಮುಳ್ಳಿಗೂ ಇಂಗ್ಲಿಷಿನಲ್ಲಿರುವ ‘ಬಾರ್ಬ್’ ಎಂಬ ಹೆಸರು ಈ ಗಡ್ಡದಿಂದಲೇ ಚಿಗುರಿದ್ದು.

ನಮಗೆ ಪರಿಚಿತವಾದ ‘ಬರ್ಬರ’ ಮಾತ್ರ ಈ ವಂಶದ್ದಲ್ಲ. ಅರ್ಥವಾಗದ ಪರನುಡಿ ಕಿವಿಗೆ ‘ಬರ್ ಬರ್’ ಎಂದು ಕೇಳಿಸುವುದನ್ನು ಅಣಕಿಸಿ ಗ್ರೀಕರು ವಿದೇಶಿಯರನ್ನು ‘ಬಾರ್ಬರೋಸ್’ ಎಂದರು. ಸಂಸ್ಕೃತದ ‘ಬರ್ಬರ’ವೂ ಅದೇ ಬಗೆಯ ಅನುಕರಣ ಶಬ್ದ. ಪದಗಳ ಹೋಲಿಕೆಯನ್ನು ನಂಬಿ ಕ್ಷೌರಿಕನಿಗೆ ಕ್ರೌರ್ಯವನ್ನು ಅಂಟಿಸುವುದು ಅನ್ಯಾಯವೇ ಸರಿ.

ಆದರೂ ರಕ್ತದ ನಂಟು ಆ ವೃತ್ತಿಗೆ ಇದ್ದೇ ಇತ್ತು. ಹರಿತವಾದ ಅಲಗನ್ನು ಪಳಗಿದ ಕೈಯಲ್ಲಿ ಹಿಡಿದವನೇ ಮಧ್ಯಯುಗದ ಯುರೋಪಿನಲ್ಲಿ ಕೆಟ್ಟ ರಕ್ತ ತೆಗೆಯುವವನೂ ಹಲ್ಲು ಕೀಳುವವನೂ ಹುಣ್ಣು ಕೊಯ್ಯುವವನೂ ಆಗಿದ್ದನು. ಲಂಡನ್ನಿನಲ್ಲಿ ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ 1540ರ ಶಾಸನವೊಂದು ಒಂದೇ ಸಂಘಕ್ಕೆ ಸೇರಿಸಿ, ಅದೇ ಉಸಿರಿನಲ್ಲಿ ಕ್ಷೌರಿಕರಿಗೆ ಹಲ್ಲು ಕೀಳುವುದನ್ನು ಬಿಟ್ಟು ಬೇರೆ ಚಿಕಿತ್ಸೆ ಮಾಡದಂತೆ ತಡೆ ಹಾಕಿತು. 1745ರಲ್ಲಿ ಎರಡೂ ವೃತ್ತಿಗಳು ಬೇರೆಯಾದವು. ಆಧುನಿಕ ಶಸ್ತ್ರಚಿಕಿತ್ಸೆಗೆ ಬುನಾದಿ ಹಾಕಿದವರಲ್ಲಿ ಒಬ್ಬನಾದ ಫ್ರಾನ್ಸಿನ ಆಂಬ್ರ್ವಾಸ್ ಪಾರೆ ಮೊದಲು ಕ್ಷೌರಿಕ-ಶಸ್ತ್ರವೈದ್ಯನಾಗಿಯೇ ಕೆಲಸ ಕಲಿತವನು. ಅರಬ್ಬಿಯ ‘ಹಜ್ಜಾಮ್’ ಪದದ್ದೂ ಇದೇ ಕಥೆ. ಬಟ್ಟಲಿಟ್ಟು ರಕ್ತ ಹೀರುವ ಚಿಕಿತ್ಸಕ ಎಂಬುದು ಅದರ ಮೂಲಾರ್ಥ. ಕನ್ನಡಕ್ಕೆ ‘ಹಜಾಮ’ನಾಗಿ ಬರುವ ಹೊತ್ತಿಗೆ ಚಿಕಿತ್ಸೆ ಮರೆಯಾಗಿ, ಕೊನೆಗೆ ಅದು ಬೈಗುಳದ ಮಟ್ಟಕ್ಕೂ ಇಳಿಯಿತು.

ನಮ್ಮ ‘ಕ್ಷೌರಿಕ’ನ ಹೆಸರು ಬಂದಿರುವುದು ಉಪಕರಣದಿಂದ. ಸಂಸ್ಕೃತದಲ್ಲಿ ‘ಕ್ಷುರ’ ಎಂದರೆ ಬೋಳಿಸುವ ಕತ್ತಿ. ರಷ್ಯನ್ನರ ‘ಪರಿಕ್‌ಮಾಖೆರ್’ ಜರ್ಮನ್ನಿನಿಂದ ಬಂದ ಪದ; ಮೂಲದಲ್ಲಿ ಅದರ ಅರ್ಥ ಕೃತಕ ಕೂದಲಿನ ಟೋಪಿ ಮಾಡುವವನು ಎಂದು. ಆ ಟೋಪಿಯ ಕಾಲ ಮುಗಿದು ಎಷ್ಟೋ ವರ್ಷಗಳಾಗಿವೆ, ಹೆಸರು ಮಾತ್ರ ಇನ್ನೂ ಅದನ್ನು ತೊಟ್ಟುಕೊಂಡೇ ಇದೆ.