ಕೃತಜ್ಞತಾ ಪೂಜೆಗೆ ಕೊಡುವ ಕಾಣಿಕೆ ಪೂಜೆಯ ಬೆಲೆಯೇ?

ಓದುಗರ ಪ್ರಶ್ನೆ: ಮನೆಯಲ್ಲಿ ಬಹುದಿನದ ಕಾಯಿಲೆಯೊಂದು ವಾಸಿಯಾಯಿತು. ಕೃತಜ್ಞತೆಗೆ ಚರ್ಚಿನಲ್ಲಿ ಒಂದು ಬಲಿಪೂಜೆ (ಮಾಸ್) ಇಡಿಸಬೇಕೆಂದಿದ್ದೇವೆ. ಅದಕ್ಕೆ ಕಾಣಿಕೆ ಕೊಡುತ್ತೇವಲ್ಲ, ಅದು ಪೂಜೆಯನ್ನು ಕೊಂಡುಕೊಂಡ ಹಾಗೆ ಆಗುವುದಿಲ್ಲವೇ? ಅದೇ ಪೂಜೆಯಲ್ಲಿ ಇನ್ನೂ ಏಳೆಂಟು ಹೆಸರು ಓದಿದರೆ ನಮ್ಮ ಪಾಲಿಗೆ ಏನು ಉಳಿಯಿತು?

ಅಲ್ಲ, ಅದು ಬೆಲೆಯಲ್ಲ. ಆದರೆ ಬೆಲೆಯ ಹಾಗೆ ಕಾಣುತ್ತದೆ ಎಂಬ ನಿಮ್ಮ ಕಸಿವಿಸಿಯಲ್ಲಿ ತಪ್ಪೇನಿಲ್ಲ. ಕಚೇರಿಯ ಮೇಜು, ಅದರಾಚೆ ಕುಳಿತ ಒಬ್ಬರು, ಉದ್ದನೆಯ ಪುಸ್ತಕ, ಖಾಲಿ ತಾರೀಖು ಹುಡುಕುತ್ತಾ ಕೆಳಗಿಳಿಯುವ ಬೆರಳು, ಕೊನೆಗೊಂದು ರಸೀದಿ. ಇಷ್ಟೆಲ್ಲ ನೋಡಿದವರಿಗೆ ಟಿಕೆಟ್ ಕೌಂಟರ್ ನೆನಪಾದರೆ ಯಾರನ್ನು ದೂರುವುದು? ಕಥೋಲಿಕ ಧರ್ಮಸಭೆಗೂ ಈ ಭಯ ಇದ್ದೇ ಇದೆ. ಅದರ 1983ರ ಕಾನೂನು ಸಂಹಿತೆಯ 947ನೆಯ ವಿಧಿ ಪೂಜೆಯ ಕಾಣಿಕೆಯಲ್ಲಿ ವ್ಯಾಪಾರ ಕೂಡದು ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ವ್ಯಾಪಾರದ ನೆರಳೂ ಸುಳಿಯಬಾರದು ಎನ್ನುತ್ತದೆ.

ಹಾಗಾದರೆ ಈ ಕಾಣಿಕೆ ಎಲ್ಲಿಂದ ಬಂತು? ಕ್ರಿ.ಶ. 155ರ ಸುಮಾರಿಗೆ ಸಂತ ಜಸ್ಟಿನ್ ರೋಮಿನಲ್ಲಿ ಕ್ರೈಸ್ತರ ಭಾನುವಾರದ ಕೂಟವನ್ನು ವರ್ಣಿಸಿದ್ದಾರೆ. ವಾಚನ, ಉಪದೇಶ, ರೊಟ್ಟಿ ಮತ್ತು ದ್ರಾಕ್ಷಾರಸದ ಮೇಲೆ ಕೃತಜ್ಞತಾ ಪ್ರಾರ್ಥನೆ, ಎಲ್ಲ ಇಂದಿನಂತೆಯೇ. ಅದರ ಜೊತೆಗೇ ಇನ್ನೊಂದು ಮಾತಿದೆ: ಇದ್ದವರು ಮನಸ್ಸಿಗೆ ಬಂದಷ್ಟು ಕೊಡುತ್ತಿದ್ದರು, ಅದು ಕೂಟದ ಹಿರಿಯರ ಕೈಸೇರುತ್ತಿತ್ತು, ಅವರು ಅದರಿಂದ ಅನಾಥರನ್ನು, ವಿಧವೆಯರನ್ನು, ರೋಗಿಗಳನ್ನು, ಸೆರೆಯಲ್ಲಿದ್ದವರನ್ನು, ಪರಸ್ಥಳದಿಂದ ಬಂದವರನ್ನು ನೋಡಿಕೊಳ್ಳುತ್ತಿದ್ದರು. ದೇವರಿಗೆ ವಂದನೆ ಹೇಳುವುದು ಮತ್ತು ಪಕ್ಕದವನ ಹಸಿವನ್ನು ನೋಡುವುದು ಅವರಿಗೆ ಎರಡು ಬೇರೆ ಕೆಲಸಗಳಾಗಿರಲಿಲ್ಲ. ಮನೆಯಿಂದ ತಂದ ರೊಟ್ಟಿಯ ಜಾಗಕ್ಕೆ ಕಾಲಕ್ರಮದಲ್ಲಿ ನಾಣ್ಯ ಬಂತು. ಒಬ್ಬರ ಕೋರಿಕೆಗಾಗಿ ಒಂದು ಪೂಜೆ ಎಂಬ ರೂಢಿಯೂ ಬೆಳೆಯಿತು. ನಿಮ್ಮ ಲಕೋಟೆ ಆ ರೊಟ್ಟಿಯ ದೂರದ ಸಂತಾನ.

ಹಣ ಕೊಡದಿದ್ದರೆ ಪೂಜೆ ಇಲ್ಲವೇ? ಇದೆ. ಕಾಣಿಕೆ ಬರದಿದ್ದರೂ ಜನರ ಕೋರಿಕೆಗೆ, ಅದರಲ್ಲೂ ಬಡವರ ಕೋರಿಕೆಗೆ, ಪೂಜೆ ಅರ್ಪಿಸಿ ಎಂದು ಅದೇ ಸಂಹಿತೆ ಗುರುಗಳಿಗೆ ಒತ್ತಿ ಹೇಳುತ್ತದೆ. ಕಾಣಿಕೆಯ ಮೊತ್ತವನ್ನು ಒಬ್ಬೊಬ್ಬ ಗುರು ತನಗೆ ತೋಚಿದಂತೆ ಇಡುವಂತಿಲ್ಲ, ಧರ್ಮಸಭೆಯ ಪ್ರಾಂತದ ಧರ್ಮಾಧ್ಯಕ್ಷರು (ಬಿಷಪರು) ಸೇರಿ ನಿಗದಿ ಮಾಡುತ್ತಾರೆ. ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ನೀವಾಗಿ ಹೆಚ್ಚು ಕೊಟ್ಟರೆ ತೆಗೆದುಕೊಳ್ಳಬಹುದು, ಕಡಿಮೆ ಕೊಟ್ಟರೂ ತೆಗೆದುಕೊಳ್ಳಬಹುದು. ಇನ್ನು ಗುರುಗಳು ದಿನಕ್ಕೆ ಎರಡು ಮೂರು ಪೂಜೆ ಮಾಡಿದರೂ ಒಂದರ ಕಾಣಿಕೆ ಮಾತ್ರ ಅವರದು. ಉಳಿದದ್ದು ಧರ್ಮಾಧ್ಯಕ್ಷರು ಹೇಳಿದ ಕಾರ್ಯಕ್ಕೆ ಹೋಗುತ್ತದೆ. ಕ್ರಿಸ್ಮಸ್ ದಿನಕ್ಕಷ್ಟೇ ವಿನಾಯಿತಿ.

ಎಂಟು ಹೆಸರುಗಳ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಕಾಣಿಕೆ ಪಡೆದ ಪ್ರತಿ ಕೋರಿಕೆಗೂ ಪ್ರತ್ಯೇಕ ಪೂಜೆ ಆಗಬೇಕು ಎಂಬುದೇ ಮೂಲ ನಿಯಮ. ಹಲವು ಕೋರಿಕೆಗಳನ್ನು ಒಂದೇ ಪೂಜೆಗೆ ಸೇರಿಸುವ ರೂಢಿ ಹಬ್ಬಿದಾಗ ವ್ಯಾಟಿಕನ್ 1991ರಲ್ಲಿ ಅದಕ್ಕೆ ಕಡಿವಾಣ ಹಾಕಿತು. 2025ರ ಏಪ್ರಿಲ್ 20ರಿಂದ, ಅಂದರೆ ಆ ವರ್ಷದ ಈಸ್ಟರ್ ಭಾನುವಾರದಿಂದ, ಹೊಸ ಆದೇಶ ಜಾರಿಗೆ ಬಂದಿದೆ. ಪ್ರಾಂತದ ಧರ್ಮಾಧ್ಯಕ್ಷರು ಅನುಮತಿಸಿದ ಕಡೆ ಕೋರಿಕೆಗಳನ್ನು ಸೇರಿಸಬಹುದು, ಆದರೆ ಕಾಣಿಕೆ ಕೊಟ್ಟವರಿಗೆ ಮೊದಲೇ ತಿಳಿಸಿ ಅವರ ಒಪ್ಪಿಗೆ ಪಡೆದಿರಬೇಕು. ಕೇಳದೆ, ಒಪ್ಪಿದ್ದಾರೆ ಎಂದುಕೊಳ್ಳುವ ಹಾಗಿಲ್ಲ. ಪ್ರತ್ಯೇಕ ಪೂಜೆಗೆಂದು ಕಾಣಿಕೆ ತೆಗೆದುಕೊಂಡು ಇನ್ಯಾವುದೋ ಪೂಜೆಯಲ್ಲಿ ಹೆಸರು ಓದಿ ಮುಗಿಸುವುದನ್ನೂ ಅದು ನಿಷೇಧಿಸುತ್ತದೆ. ಆದ್ದರಿಂದ ಸಂಕೋಚವಿಲ್ಲದೆ ಕೇಳಿ: "ಫಾದರ್, ಇದು ನಮ್ಮೊಬ್ಬರದೇ ಪೂಜೆಯೋ, ಎಲ್ಲರ ಜೊತೆಯದೋ?" ಕೇಳುವುದು ಅಪನಂಬಿಕೆಯಲ್ಲ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಈ ಕಟ್ಟುನಿಟ್ಟೆಲ್ಲ ಕೊಟ್ಟವರಿಗೆ ಆಡಿದ ಮಾತು ಉಳಿಯಲಿ ಎಂದು. ಹೆಸರು ಹೆಚ್ಚಾದಂತೆ ದೇವರ ಕೃಪೆ ತೆಳ್ಳಗಾಗುತ್ತದೆ ಎಂಬ ಲೆಕ್ಕ ಅದರ ಹಿಂದಿಲ್ಲ. ಕ್ರಿಸ್ತನ ಬಲಿಯನ್ನು ಎಂಟು ಪಾಲು ಮಾಡಿ ಹಂಚುವವರು ಯಾರು?

ಕೆಲವು ಕಾಲ ನಾನೂ ಆ ಉದ್ದನೆಯ ಪುಸ್ತಕದ ಮುಂದೆ ಕುಳಿತಿದ್ದೆ. ಜನ ಉದ್ದೇಶ ಹೇಳುವಾಗ ವಿವರಗಳ ಹೊಳೆಯೇ ಹರಿಯುತ್ತಿತ್ತು: ಪರೀಕ್ಷೆ, ಹೆರಿಗೆ, ಸಾಲ ತೀರಿದ್ದು, ಅಪಘಾತದಲ್ಲಿ ಪಾರಾದದ್ದು. ಒಮ್ಮೆ ವಯಸ್ಸಾದ ತಾಯಿಯೊಬ್ಬರು ಬಂದು, "ಕೃತಜ್ಞತೆ ಅಂತ ಬರಿಯಪ್ಪಾ" ಎಂದರು. ಯಾವುದಕ್ಕಮ್ಮಾ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಇಂಥದ್ದು ಅಂತ ಏನಿಲ್ಲ, ಸುಮ್ಮನೆ" ಎಂದರು. ಅಂಕಣದಲ್ಲಿ ನಾಲ್ಕು ಪದ ಹಿಡಿಯುವಷ್ಟು ಜಾಗವಿತ್ತು, ಒಂದೇ ಪದ ಬರೆದೆ. ಸರಿಯಾದ ಉದ್ದೇಶವೇ ಅದು. ಲೂಕನ ಶುಭಸಂದೇಶದಲ್ಲಿ ವಾಸಿಯಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಮರಳಿ ಬಂದ ಸಮಾರ್ಯದವನು ಯೇಸುವಿಗೆ ವಂದಿಸಿದ ಎನ್ನುವಾಗ ಮೂಲ ಗ್ರೀಕಿನಲ್ಲಿ ಬಳಸಿದ ಕ್ರಿಯಾಪದಕ್ಕೂ ನಾವು ಪೂಜೆಯನ್ನು ಯೂಕರಿಸ್ಟ್ ಎಂದು ಕರೆಯುವ ಪದಕ್ಕೂ ಬೇರು ಒಂದೇ. ಹಾಗೆ ನೋಡಿದರೆ ಎಲ್ಲ ಪೂಜೆಯೂ ಕೃತಜ್ಞತಾ ಪೂಜೆಯೇ.

ಪೂಜೆ ಬರೆಸಲು ಹೋದಾಗ ಗುಣವಾದವರನ್ನಷ್ಟೇ ಅಲ್ಲ, ಆಸ್ಪತ್ರೆಯಲ್ಲಿ ರಾತ್ರಿ ಕೂತವರನ್ನೂ ನೆನೆಯಬಹುದು. ಅವರು ಕ್ರೈಸ್ತರೇ ಆಗಿರಬೇಕೆಂದಿಲ್ಲ: ಬದುಕಿರುವವರಾಗಲಿ ತೀರಿಹೋದವರಾಗಲಿ, ಯಾರಿಗಾಗಿ ಬೇಕಾದರೂ ಪೂಜೆ ಅರ್ಪಿಸಬಹುದು. ಸಾಧ್ಯವಾದರೆ ಮನೆಯವರೆಲ್ಲ ಆ ಪೂಜೆಗೆ ಹೋಗಿ. ಲಕೋಟೆ ಕಳಿಸಿ ಮನೆಯಲ್ಲೇ ಉಳಿದರೆ ಪೂಜೆಯೇನೂ ನಿಲ್ಲುವುದಿಲ್ಲ, ಆದರೆ ಧನ್ಯವಾದವನ್ನು ಬೇರೆಯವರ ಕೈಲಿ ಹೇಳಿಕಳಿಸಿದ ಹಾಗಾಗುತ್ತದೆ.

ಅಲ್ಲಿ ಆ ಪುಸ್ತಕ ತೆರೆದಿದ್ದರೆ ಭಾನುವಾರಗಳ ಸಾಲನ್ನೊಮ್ಮೆ ನೋಡಿ. ಪ್ರತಿ ಭಾನುವಾರ ಮತ್ತು ಕಡ್ಡಾಯ ಹಬ್ಬಗಳಲ್ಲಿ ಧರ್ಮಕೇಂದ್ರದ (ಊರಿನ ಚರ್ಚಿನ) ಗುರುಗಳು ತಮಗೆ ಒಪ್ಪಿಸಿದ ಜನರಿಗಾಗಿ ಒಂದು ಪೂಜೆ ಅರ್ಪಿಸಲೇಬೇಕು, ಅದಕ್ಕೆ ಯಾರ ಕಾಣಿಕೆಯೂ ಇಲ್ಲ. ನಾನು ಬರೆಯುತ್ತಿದ್ದ ಪುಸ್ತಕದಲ್ಲಿ ಅಲ್ಲಿ "ಧರ್ಮಕೇಂದ್ರದ ಜನರಿಗಾಗಿ" ಎಂದಿರುತ್ತಿತ್ತು, ಮುಂದಿನ ಅಂಕಣ ಖಾಲಿ. ನಿಮ್ಮ ಮನೆಯಲ್ಲಿ ಕಾಯಿಲೆಯಿದ್ದ ಅಷ್ಟೂ ಭಾನುವಾರ ನೀವು ಆ ಸಾಲಿನಲ್ಲಿ ಇದ್ದಿರಿ.