ಇದ್ದಿಲು ಗೂಡು

ಕಟ್ಟಿಗೆಯನ್ನು ಪೂರ್ತಿ ಉರಿಯಲು ಬಿಡದೆ, ಗಾಳಿ ಕಟ್ಟಿ, ಒಳಗೊಳಗೇ ಬೇಯಿಸಿ ಇದ್ದಿಲು ಮಾಡುವ ಕಟ್ಟಡವೇ ಇದ್ದಿಲು ಗೂಡು. ಬೆಂಕಿ ಹಾಕಿದ ಮೇಲೆ ಬಾಗಿಲು ಮುಚ್ಚುತ್ತಾರೆ. ಬುಡದ ಸಣ್ಣ ಕಿಂಡಿಗಳಲ್ಲಿ ಎಷ್ಟು ಗಾಳಿ ಬಿಡಬೇಕು ಅನ್ನುವುದರಲ್ಲೇ ಕಸುಬಿನ ಜಾಣತನ ಇರುವುದು. ಗಾಳಿ ಜಾಸ್ತಿಯಾದರೆ ಸಿಗುವುದು ಬರೀ ಬೂದಿ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಡೆತ್ ವ್ಯಾಲಿ ಮರುಭೂಮಿ ಸೀಮೆಯ ವೈಲ್ಡ್‌ರೋಸ್ ಕಣಿವೆಯಲ್ಲಿ ಇಂಥ 10 ಕಲ್ಲಿನ ಗೂಡುಗಳು ಸಾಲಾಗಿ ನಿಂತಿವೆ. ಮೋಡಾಕ್ ಗಣಿ ಕಂಪನಿ 1877ರಲ್ಲಿ ಕಟ್ಟಿಸಿದ್ದು. ದೊಡ್ಡ ಜೇನುಗೂಡುಗಳ ಹಾಗೆ ಕಾಣುತ್ತವೆ. ಒಂದೊಂದೂ ಸುಮಾರು 25 ಅಡಿ ಎತ್ತರ. ಒಂದು ವಾರದಷ್ಟು ಕಾಲ ಸುಡಬೇಕಿತ್ತು, ಆಮೇಲೆ ಆರಲು ಇನ್ನೂ ಕೆಲವು ದಿನ ಬೇಕಿತ್ತು.

ಈ ಇದ್ದಿಲು ಬೇಕಿದ್ದ ಕಂಪನಿಯ ಬೆಳ್ಳಿ ಗಣಿ ಮಾತ್ರ ಇಲ್ಲಿರಲಿಲ್ಲ. ಅದು ಸುಮಾರು 25 ಮೈಲಿ ಪಶ್ಚಿಮಕ್ಕೆ, ಆರ್ಗಸ್ ಬೆಟ್ಟಗಳಲ್ಲಿತ್ತು. ಮತ್ತೆ ಗೂಡು ಇಷ್ಟು ದೂರ ಯಾಕೆ? ಮರಗಳಿದ್ದದ್ದು ಇಲ್ಲಿ, ಅದಕ್ಕೆ. ಕೆಳಗೆ ಬರಡು ಮರುಭೂಮಿ, ಆದರೆ 6,800 ಅಡಿಗಿಂತ ಎತ್ತರದ ಈ ಜಾಗದಲ್ಲಿ ಪಿನ್ಯನ್ ಪೈನ್, ಜುನಿಪರ್ ಬೆಳೆಯುತ್ತವೆ. ಮರವನ್ನೇ ಹೊತ್ತರೆ ಅದರ ನೀರಿನ ಭಾರವನ್ನೂ ಹೊರಬೇಕು. ಇದ್ದಿಲು ಹಗುರ. ಹೇರಿ ಸಾಗಿಸುವವರಿಗೆ ಇದು ದೊಡ್ಡ ಲೆಕ್ಕ ಅಲ್ವಾ?

ಬೆಳ್ಳಿಗೆ ಇದ್ದಿಲೇ ಯಾಕೆ ಬೇಕಿತ್ತು ಅನ್ನುವುದನ್ನೂ ನೋಡೋಣ. ಅಲ್ಲಿನ ಅದಿರಿನಲ್ಲಿ ಬೆಳ್ಳಿ ಸೀಸದ ಜೊತೆ ಬೆರೆತಿತ್ತು. ಕಟ್ಟಿಗೆ ಉರಿ ಕುಲುಮೆಗೆ ಸಾಲದು. ಇದ್ದಿಲು ಹೆಚ್ಚುಕಡಿಮೆ ಇಂಗಾಲವೇ ಆದ್ದರಿಂದ ಶಾಖ ಹೆಚ್ಚು. ಸಾಲದ್ದಕ್ಕೆ, ಅದಿರಿನ ಆಮ್ಲಜನಕವನ್ನೂ ಅದೇ ಎಳೆದುಕೊಳ್ಳುತ್ತದೆ. ಆಗ ಸೀಸ ಕರಗಿ, ಬೆಳ್ಳಿಯನ್ನು ತನ್ನೊಳಗೆ ಸೇರಿಸಿಕೊಂಡು ಕೆಳಗಿಳಿಯುತ್ತದೆ. ಬೆಳ್ಳಿಯನ್ನು ಬೇರೆ ಮಾಡುವುದು ಆಮೇಲಿನ ಕೆಲಸ.

ವೈಲ್ಡ್‌ರೋಸ್ ಗೂಡುಗಳು ಎರಡು ಮೂರು ವರ್ಷದಲ್ಲೇ ನಿಂತುಹೋದವು. ಕಡಿಮೆ ಬಳಸಿದ್ದರಿಂದಲೇ ಇರಬೇಕು, ಇಂದಿಗೂ ಗಟ್ಟಿಯಾಗಿವೆ. ಆದರೆ ಕಡಿದದ್ದು ಸುಮ್ನೆ ನಿಂತಿದ್ದ ಮರಗಳನ್ನಲ್ಲ. ಪಿನ್ಯನ್ ಕಾಯಿಯ ಬೀಜ ಅಲ್ಲಿನ ಮೂಲನಿವಾಸಿಗಳಾದ ಟಿಂಬಿಶಾ ಶೋಶೋನಿ ಜನರ ಮುಖ್ಯ ಆಹಾರವಾಗಿತ್ತು. ಆ ಮರ ಬೆಳೆಯುವುದೂ ಬಹಳ ನಿಧಾನ.

ಪಕ್ಕದ ನೆವಾಡಾ ರಾಜ್ಯದ ಯುರೇಕಾ ಎಂಬ ಬೆಳ್ಳಿ-ಸೀಸದ ಗಣಿ ಊರಿನಲ್ಲಿ ಬೆಲೆ ತೆತ್ತವರು ಇದ್ದಿಲು ಸುಡುವವರೇ. ಅವರಲ್ಲಿ ಹೆಚ್ಚಿನವರು ಇಟಲಿ ಕಡೆಯಿಂದ ಬಂದವರು. ಇದ್ದಿಲಿಗೆ ಸರಿಯಾದ ದರ ಕೊಡಿ ಎಂದು 1879ರಲ್ಲಿ ಕೆಲಸ ನಿಲ್ಲಿಸಿ ಹಟ ಹಿಡಿದರು. ಆ ಆಗಸ್ಟ್‌ನಲ್ಲಿ ಫಿಶ್ ಕ್ರೀಕ್ ಎಂಬಲ್ಲಿ ಅಧಿಕಾರಿಗಳ ಪಡೆ ಗುಂಡು ಹಾರಿಸಿ ಅವರಲ್ಲಿ 5 ಜನರನ್ನು ಕೊಂದಿತು.